ಸುಂದರಾಬಾಯಿಯ ಸಿಆರ್‌ಪಿ

4 ಜೂನ್ 2023, ರವಿವಾರ, ಬೆಳಿಗ್ಗೆ 6.50

ರಕ್ತ ತೆಗೆದೆ. ಎಡಗೈ, ಒಂದೇ ಸಲಕ್ಕೆ. ಕೆಂಪು ಮುಚ್ಚಳದ ಟ್ಯೂಬ್, ಮೂರು ಎಂಎಲ್. ಹತ್ತಿ ಇಟ್ಟು ಕೈ ಮಡಚು ಅಂದೆ, ಮಡಚಿದಳು. "ಆತೇನ್ರಿ? ನಾ ಇನ್ನೂ ಚುಚ್ಚೇ ಇಲ್ಲ ಅಂದ್ಕೊಂಡಿದ್ದೆ" ಅಂದಳು ಸುಂದರಾ. ನನಗೆ ಮೂವತ್ತಾರು ವರ್ಷದಿಂದ ಇದೇ ಕೆಲಸ. ಹೈದರಾಬಾದಿನ ಕಾಚಿಗೂಡ ಸ್ಟೇಷನ್ ಎದುರಿನ ಲ್ಯಾಬಿನಲ್ಲಿ ಸೀನಿಯರ್ ಟೆಕ್ನಿಷಿಯನ್. ಬೇಗಂ ಬಜಾರಿನ ಸೇಠರು ಸಿದ್ದರಾಮಪ್ಪ ಇದ್ದಾರಾ ಅಂತ ಫೋನ್ ಮಾಡಿ ಕೇಳಿಯೇ ಬರುತ್ತಾರೆ. ಸ್ವಂತ ಹೆಂಡತಿಯ ನರ ಸಿಗದಿದ್ದರೆ ಮರ್ಯಾದೆ ಏನು ಉಳಿಯಿತು.

ಲ್ಯಾಬಿನ ಹಳೆಯ ರಿಜಿಸ್ಟರ್ ಇದು. ಅರ್ಧ ಖಾಲಿ ಇತ್ತು, ಮನೆಗೆ ತಂದುಕೊಂಡೆ. ಯಾರಿಗೂ ತೋರಿಸಲು ಅಲ್ಲ. ಫೆಬ್ರುವರಿಯಲ್ಲಿ ನ್ಯೂರೋ ಡಾಕ್ಟರ್ ಮೇಡಂ ರೋಗದ ಹೆಸರು ಹೇಳಿದರು — ಅಲ್‌ಝೈಮರ್ಸ್. ಸುಂದರಾಗೆ ಐವತ್ತೊಂಬತ್ತು. ನೆನಪಿನ ಟೆಸ್ಟಿನಲ್ಲಿ ಮೂವತ್ತಕ್ಕೆ ಇಪ್ಪತ್ತೊಂದು. ಗುಣ ಆಗುವುದಿಲ್ಲ ಅಂದರು.

ಹೋದ ವಾರ ಟೆಕ್ನಿಷಿಯನ್ನರಿಗೆ ಒಂದು ಕ್ಲಾಸ್ ಇಟ್ಟಿದ್ದರು. ಸ್ಲೈಡಿನಲ್ಲಿ ಎರಡು ಗೆರೆ. ರಕ್ತದಲ್ಲಿ ಉರಿಯೂತದ ಮಾರ್ಕರ್ ಜಾಸ್ತಿ ಇದ್ದವರ ನೆನಪು ಬೇಗ ಇಳಿದಿದೆ, ಕಡಿಮೆ ಇದ್ದವರದು ನಿಧಾನ. ಎಲ್ಲರೂ ಸಮೋಸಾ ಯಾವಾಗ ಬರುತ್ತದೆ ಅಂತ ಬಾಗಿಲು ನೋಡುತ್ತಿದ್ದರು. ನನಗೆ ಸಮೋಸಾ ಇಳಿಯಲಿಲ್ಲ. ಉರಿಯೂತದ ಮಾರ್ಕರ್ ಅಂದರೆ ಸಿಆರ್‌ಪಿ. ಅಂದರೆ ನನ್ನ ಮಷೀನು. ದಿನಕ್ಕೆ ನಲವತ್ತು ಮಾಡುತ್ತೇನೆ.

ನನಗೆ ಬೇಕಾದದ್ದು ಇಷ್ಟೇ — ನಾನು ಯಾರು ಅಂತ ಅವಳಿಗೆ ಗೊತ್ತಿರಬೇಕು. ಬೇರೆ ಏನು ಮರೆತರೂ ನಡೆಯುತ್ತದೆ.

ಅದೇ ದಿನ, ಮಧ್ಯಾಹ್ನ

ಸಿಆರ್‌ಪಿ 11.4. ಐದರೊಳಗೆ ಇರಬೇಕಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಜಾಸ್ತಿ ಇದೆ ಅಂದರೆ ಇಳಿಸಬಹುದು. ಇಳಿಸಲು ಏನೂ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಿತ್ತು.

ರಕ್ತ ತೆಗೆದ ದಿನ ನಾಲ್ಕು ಪ್ರಶ್ನೆ ಕೇಳುವುದು ಅಂತ ಇಟ್ಟುಕೊಂಡಿದ್ದೇನೆ. ತವರು? "ಆಳಂದ." ಮಗಳ ಹೆಸರು? "ಶೀತಲ." ಇವತ್ತು ಯಾವ ವಾರ? "ಸೋಮಾರ" ಅಂದಳು, ತಪ್ಪು. ನನ್ನ ಹೆಸರು? ಸೆರಗು ಬಾಯಿಗೆ ಹಿಡಿದು ನಕ್ಕಳು. "ಗಂಡನ ಹೆಸರು ಹೇಳಸ್ತಾರೇನ್ರಿ ಯಾರರ? ಏನ್ ಮನಶಾರ್ರೀ ನೀವು."

ಮದುವೆಯ ದಿನ ಗಂಡನ ಹೆಸರು ಸೇರಿಸಿ ಒಡಪು ಹೇಳಿಸಿದಾಗ ಬಿಟ್ಟರೆ ನನ್ನ ಹೆಸರು ಅವಳ ಬಾಯಲ್ಲಿ ಬಂದದ್ದೇ ಇಲ್ಲ. ರೇಷನ್ ಆಫೀಸಿನಲ್ಲೂ ನನ್ನ ಕಡೆ ಬೆರಳು ತೋರಿಸಿ ಸುಮ್ಮನೆ ನಿಂತವಳು. ಈಗ ಮಾರ್ಕು ಹೇಗೆ ಕೊಡಲಿ? ಗೊತ್ತಿದ್ದೂ ಹೇಳುತ್ತಿಲ್ಲವೋ, ಮರೆತು ನಗುತ್ತಿದ್ದಾಳೋ. ಅರ್ಧ ಮಾರ್ಕು ಹಾಕಿದೆ.

19 ಜೂನ್

ನ್ಯೂರೋ ಮೇಡಂಗೆ ರಿಪೋರ್ಟ್ ತೋರಿಸಿದೆ. ಹಿಂದಿಯಲ್ಲಿ, ಸಮಾಧಾನವಾಗಿ ಹೇಳಿದರು — ಅಂಕಲ್, ಎರಡೂ ಜೊತೆಗೆ ಕಾಣುತ್ತವೆ ಅಷ್ಟೇ, ಇದರಿಂದಲೇ ಅದು ಅಂತ ಯಾರೂ ಹೇಳಿಲ್ಲ. ಕೆಲವು ಕಡೆ ಉಲ್ಟಾ ಕೂಡ ಬಂದಿದೆ. ಸಿಆರ್‌ಪಿ ಇಳಿಸಿದರೆ ನೆನಪು ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ನೀವು ಅವರ ಜೊತೆ ಕೂತು ಮಾತಾಡಿ, ಹೊರಗೆ ಕರೆದುಕೊಂಡು ಹೋಗಿ.

ಮಾತಾಡಿದರೆ ಇಳಿಯುವಂಥದ್ದಾದರೆ ಲ್ಯಾಬುಗಳಿಗೆಲ್ಲ ಬೀಗ ಹಾಕಬೇಕಾಗುತ್ತಿತ್ತು. ಮೇಡಂಗೆ ಮೂವತ್ತೆಂಟೋ ನಲವತ್ತೋ. ನಾನು ರೋಗಿಯ ಮಾತು ನಂಬಿದವನಲ್ಲ, ರಕ್ತದ ಸೀರಮ್ ನಂಬಿದವನು. ಏನೂ ತಿಂದಿಲ್ಲ ಸಾಬ್ ಅನ್ನುತ್ತಾರೆ, ಶುಗರ್ ಮುನ್ನೂರು ಬರುತ್ತದೆ.

2 ಜುಲೈ, ರವಿವಾರ

12.8. ಏರಿದೆ. ಪ್ರಶ್ನೆಗೆ ಎರಡೂವರೆ.

ಉರಿಯೂತ ಎಲ್ಲಿಂದ ಅಂತ ಹುಡುಕುತ್ತಿದ್ದೇನೆ. ಯೂರಿನ್ ಕಲ್ಚರ್ ಕ್ಲೀನ್. ಎದೆ ಕ್ಲೀನ್. ಮೊಣಕಾಲಿನಲ್ಲಿ ಊತ ಇಲ್ಲ. ಸಂಜೆ ಟಾರ್ಚ್ ಹಿಡಿದು ಬಾಯಿ ತೆಗೆಸಿದೆ. ಅಲ್ಲಿತ್ತು. ಒಸಡು ಕಪ್ಪುಗೆಂಪು, ಬೆರಳಿಟ್ಟರೆ ರಕ್ತ, ಮುಂದಿನ ಎರಡು ಹಲ್ಲು ಅಲುಗಾಡುತ್ತಿವೆ. ನಲವತ್ತು ವರ್ಷ ಮಿಶ್ರಿ ತಿಕ್ಕಿದ ಬಾಯಿ. ತಂಬಾಕು ಸುಟ್ಟು ಪುಡಿ ಮಾಡಿ ಡಬ್ಬಿಯಲ್ಲಿ ಇಡುತ್ತಾಳೆ, ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲ ಹೊಸ್ತಿಲ ಮೇಲೆ ಕೂತು ಅರ್ಧ ತಾಸು ಹಲ್ಲಿಗೆ ತಿಕ್ಕಬೇಕು. ಅವಳ ಅವ್ವನೂ ಹಾಗೇ, ಅಜ್ಜಿಯೂ ಹಾಗೇ. ಬೇಗಂ ಬಜಾರಿನಿಂದ ತಂಬಾಕು ತಂದು ಕೊಡುತ್ತಿದ್ದವನು ನಾನೇ.

ಬೆಂಕಿ ಅಲ್ಲಿದೆ ಅಂತ ಗೊತ್ತಾಯಿತು. ಇವತ್ತು ಊಟ ರುಚಿ ಅನ್ನಿಸಿತು.

3 ಜುಲೈ

ಮಿಶ್ರಿ ಡಬ್ಬಿ ಕಸದ ಗಾಡಿಗೆ ಹಾಕಿದೆ.

9 ಜುಲೈ

ದಿನಾ ಬೆಳಿಗ್ಗೆ ಹುಡುಕುತ್ತಾಳೆ. ಹಿಟ್ಟಿನ ಡಬ್ಬಿ, ಕಪಾಟು, ಹಾಸಿಗೆಯ ಕೆಳಗೆ. ಏನು ಹುಡುಕುತ್ತಿದ್ದೀ ಅಂದರೆ ಹೇಳಲು ಬರುವುದಿಲ್ಲ, ಹೆಸರು ಮರೆತಿದೆ. ಬಲಗೈ ತೋರುಬೆರಳು ಮಾತ್ರ ತಿಕ್ಕಿದ ಹಾಗೆ ಮಾಡುತ್ತದೆ. ಹಗಲು ಅವಳನ್ನು ನೋಡಿಕೊಳ್ಳಲು ಸುಗಲಮ್ಮ ಬರುತ್ತಾಳೆ. ಯಾದಗಿರಿ ಕಡೆಯವಳು, ಗಂಡ ಉಪ್ಪಲ್ ಕಡೆ ಬಿಲ್ಡಿಂಗ್ ಕೆಲಸಕ್ಕೆ. "ಸಾಹೇಬ್ರ, ಒಂದೀಟು ಕೊಟ್ಟರ ಏನಾಕ್ಕತಿ? ಅವ್ವಾರು ಭಾಳ ತ್ರಾಸ ಮಾಡ್ಕೊಳ್ಳಾಕತ್ತಾರ" ಅಂದಳು. ಇದು ನಿನಗೆ ತಿಳಿಯುವುದಿಲ್ಲ ಅಂದೆ.

24 ಜುಲೈ

ಹಲ್ಲಿನ ಡಾಕ್ಟರ್ ಎಕ್ಸ್‌ರೇ ನೋಡಿದ. ಎಂಟು ತೆಗೆಯಬೇಕು, ಉಳಿದ ಹದಿನೇಳು ಕ್ಲೀನ್ ಮಾಡಿ ಉಳಿಸಬಹುದು ಅಂದ. ಎಲ್ಲ ತೆಗೆಯಿರಿ ಅಂದೆ. ಯಾಕೆ ಅಂದ. ಸಿಆರ್‌ಪಿ ತೋರಿಸಿದೆ. ನಾನು ಆ ತರಹ ಮಾಡುವುದಿಲ್ಲ ಅಂತ ಎದ್ದು ನಿಂತ. ಬೇರೆಯವನನ್ನು ಹುಡುಕುತ್ತೇನೆ. ಹೈದರಾಬಾದಿನಲ್ಲಿ ಹಲ್ಲು ಕೀಳುವವರಿಗೆ ಬರವಿಲ್ಲ.

ಶೀತಲ ಉಪ್ಪಲ್‌ನಿಂದ ಬಂದಿದ್ದಳು. ಜಗಳ. "ಅಪ್ಪಾ, ಛಲೋ ಹಲ್ಲು ಯಾಕ ಕೀಳಸ್ತೀ? ಅವ್ವ ರೊಟ್ಟಿ ಹ್ಯಾಂಗ ತಿಂತಾಳ?" ಆರು ತಿಂಗಳಲ್ಲಿ ನಿನ್ನ ಹೆಸರು ಮರೆಯುತ್ತಾಳೆ, ಅದು ನಡೆಯುತ್ತದಾ ಅಂದೆ. ಅವಳು ಅತ್ತಳು. ಗೆದ್ದೆ ಅನ್ನಿಸಿತು ಆಗ.

ಸುಂದರಾಗೂ ಹೇಳಿದೆ. "ಬ್ಯಾಡ್ರಿ, ಹಲ್ಲು ಕೀಳಸಬ್ಯಾಡ್ರಿ" ಅಂದಳು, ಸ್ಪಷ್ಟವಾಗಿ. ಹತ್ತು ನಿಮಿಷಕ್ಕೆ ಮರೆತಳು. ಮತ್ತೆ ಕೇಳಲಿಲ್ಲ.

2 ಆಗಸ್ಟ್

ಬೇರೆ ಡಾಕ್ಟರ್ ಸಿಕ್ಕ, ಮೊದಲ ಸಿಟ್ಟಿಂಗ್. ಹನ್ನೆರಡು ಹಲ್ಲು. ಬಜಾರಿಗೆ ಹೋಗೋಣ ಅಂತ ಹೇಳಿ ಕರೆದುಕೊಂಡು ಹೋದೆ, ಹೊಸ ಸೀರೆ ಉಟ್ಟುಕೊಂಡಳು. ಫಾರಂ ಮೇಲೆ ಸಹಿ ನನ್ನದು. ಕುರ್ಚಿಯಲ್ಲಿ ಇಂಜೆಕ್ಷನ್ ಕೊಡುವಾಗ ನನ್ನ ಕೈ ಬಿಡಲಿಲ್ಲ. ಬಾಯಲ್ಲಿ ಹತ್ತಿ ತುಂಬಿದ್ದರಿಂದ ಏನೂ ಹೇಳಲು ಆಗಲಿಲ್ಲ, ಕಣ್ಣಿಂದ ನೋಡಿದಳು. ಆ ನೋಟ ಬರೆಯಲು ನನಗೆ ಬರುವುದಿಲ್ಲ.

6 ಆಗಸ್ಟ್, ರವಿವಾರ

31. ಗಾಯ ಇದ್ದರೆ ಏರುತ್ತದೆ, ಗೊತ್ತಿತ್ತು. ಇಳಿಯುವುದನ್ನು ನೋಡಬೇಕಾದರೆ ತಿಂಗಳಿಗೊಮ್ಮೆ ಸಾಲದು. ಇನ್ನು ವಾರಕ್ಕೊಮ್ಮೆ ತೆಗೆಯುತ್ತೇನೆ.

27 ಆಗಸ್ಟ್

ಎರಡನೇ ಸಿಟ್ಟಿಂಗ್ ಆಗಿ ಎಂಟು ದಿನ. ಒಂದೂ ಉಳಿದಿಲ್ಲ. ಕೆನ್ನೆ ಒಳಗೆ ಹೋಗಿದೆ. ಕನ್ನಡಿ ಮುಂದೆ ನಿಂತು "ಈ ಮುದುಕಿ ಯಾರವ್ವಾ" ಅಂತ ಸುಗಲಮ್ಮನನ್ನು ಕೇಳಿದಳಂತೆ. ಸುಗಲಮ್ಮ ಕನ್ನಡಿಗೆ ಟವೆಲ್ ಹೊದಿಸಿದ್ದಾಳೆ. ನಾನು ಬೆಳಿಗ್ಗೆ ಟವೆಲ್ ತೆಗೆದು ದಾಡಿ ಮಾಡಿಕೊಂಡು ಮತ್ತೆ ಹೊದಿಸುತ್ತೇನೆ.

ಅಂಬಲಿ, ಮೆತ್ತನ್ನ ಅನ್ನ, ಬಾಳೆಹಣ್ಣು. ರೊಟ್ಟಿ ಕೇಳುತ್ತಾಳೆ. ಹಾಲಿನಲ್ಲಿ ನೆನೆಸಿ ಕೊಟ್ಟರೆ ಇದು ರೊಟ್ಟಿ ಅಲ್ಲ ಅಂತ ತಾಟು ತಳ್ಳುತ್ತಾಳೆ. ಮೂರು ಕೆಜಿ ಇಳಿದಿದ್ದಾಳೆ.

ಸಿಆರ್‌ಪಿ 14. ಇಳಿಯುತ್ತಿದೆ.

1 ಅಕ್ಟೋಬರ್, ರವಿವಾರ

4.1.

ಐದರೊಳಗೆ. ಮೂರು ಸಲ ರನ್ ಮಾಡಿದೆ, ಮಷೀನು ಸರಿ ಇದೆಯಾ ಅಂತ ಕಂಟ್ರೋಲ್ ಹಾಕಿ ನೋಡಿದೆ. ನಿಜ. ಪ್ರಶ್ನೆಗೆ ಒಂದೂವರೆ. ತವರು ಹೇಳಿದಳು, ನನ್ನ ಪ್ರಶ್ನೆಗೆ ಅರ್ಧ. ಈಗ ನಗುವುದಿಲ್ಲ, ಮುಖ ತಿರುಗಿಸುತ್ತಾಳೆ. ನಾಚಿಕೆ ಇರಬಹುದು. ನೆನಪು ಆಮೇಲೆ ಬರುತ್ತದೆ, ರಕ್ತ ಮೊದಲು. ಹಾಗೇ ಇರಬೇಕು.

ನರ ಸಿಗುವುದು ಕಷ್ಟವಾಗುತ್ತಿದೆ. ಕೈ ಸಣ್ಣಗಾಗಿದೆ. ಎರಡು ಸಲ ಚುಚ್ಚಬೇಕಾಯಿತು. ಸುಗಲಮ್ಮ ಭುಜ ಹಿಡಿದುಕೊಂಡಳು.

5 ನವೆಂಬರ್, ರವಿವಾರ, ಬೆಳಿಗ್ಗೆ 11

1.9.

ಇನ್ನೊಂದು ಬರೆಯಬೇಕು. ಬೆಳಿಗ್ಗೆ ಟ್ರೇ ತೆಗೆದುಕೊಂಡು ಪಡಸಾಲೆಯಿಂದ ಕೋಣೆಗೆ ಹೋಗುತ್ತಿದ್ದೆ. ಒಳಗೆ ಅವಳು ಸುಗಲಮ್ಮನಿಗೆ ಏನೋ ಹೇಳುತ್ತಿದ್ದಳು. ನನ್ನ ಹೆಸರು ಕೇಳಿಸಿತು. ಸಿದ್ದರಾಮಪ್ಪ. ಪೂರ್ತಿ ಹೆಸರು, ತಡವರಿಸದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಹೇಳದ ಹೆಸರು. ಬಾಗಿಲಲ್ಲೇ ನಿಂತೆ, ಕಣ್ಣಲ್ಲಿ ನೀರು ಬಂತು. ನಾಲ್ಕನೇ ಪ್ರಶ್ನೆಗೆ ಇವತ್ತು ಪೂರ್ತಿ ಮಾರ್ಕು.

ಲ್ಯಾಬಿನಲ್ಲಿ ಪೇಡೆ ಹಂಚಿದೆ. ಯಾಕೆ ಅಂದರು. ಹೆಂಡತಿ ಹೆಸರು ಹಿಡಿದು ಕರೆದಳು ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಡಂಗೆ ಫೋನ್ ಮಾಡಬೇಕು ಅನ್ನಿಸಿತು — ನೋಡಿ, ನಿಮ್ಮ ಪುಸ್ತಕದಲ್ಲಿ ಇಲ್ಲದ್ದು ಕಾಚಿಗೂಡದಲ್ಲಿ ಆಗಿದೆ ಅಂತ. ಸಂಕೋಚವಾಯಿತು, ಮಾಡಲಿಲ್ಲ.

7 ನವೆಂಬರ್

ಶೀತಲ ಬಂದಿದ್ದಳು. ಸಂಭ್ರಮದಿಂದ ಹೇಳಿದೆ. ಅವಳ ಮುಖ ನೋಡಿ ನಿಲ್ಲಿಸಿದೆ. "ಅಪ್ಪಾ, ಸುಗಲಮ್ಮ ನನಗ ಫೋನ್ ಮಾಡಿದ್ಲು. ನಿನಗ ಹೇಳಾಕ ಹೆದರ್ಯಾಳ." ಸುಗಲಮ್ಮನನ್ನು ಕರೆದು ಕೇಳಿದೆ. ಸೆರಗಿನ ತುದಿ ತಿರುವುತ್ತ ನಿಂತಳು. ಆಮೇಲೆ ಹೇಳಿದಳು. "ಅವ್ವಾರು ಅಂದ್ರರಿ… ಸಿದ್ದರಾಮಪ್ಪ ಅಂತ ಒಬ್ಬಾವ ಬರ್ತಾನ. ಹಲ್ಲು ಕಿತಗೊಂಡು ಹೋದ. ಈಗ ರಕ್ತ ಒಯ್ಯಾಕ ಬರ್ತಾನ. ಬಾಗಲ ಹಾಕ್ಕೋ, ಒಳಗ ಬಿಡಬ್ಯಾಡ ಅಂದ್ರು."

ಗಂಡನ ಹೆಸರು ಹೇಳಬಾರದು ಅನ್ನುವುದು ಅವಳಿಗೆ ಇನ್ನೂ ನೆನಪಿರಬಹುದು. ನಾನು ಗಂಡ ಅನ್ನುವುದು ನೆನಪಿಲ್ಲ. ಅದಕ್ಕೇ ಹೇಳಿದಳು.

ಕೊಟ್ಟ ಮಾರ್ಕು ಹೊಡೆದು ಹಾಕಿದೆ.

3 ಡಿಸೆಂಬರ್, ರವಿವಾರ

ಯಾಕೆ ಮತ್ತೆ ಸೂಜಿ ತೆಗೆದುಕೊಂಡೆ ನನಗೇ ಗೊತ್ತಿಲ್ಲ. ರವಿವಾರ ಬಂತು, ಕೈ ಟ್ರೇ ಹಿಡಿಯಿತು. ತೋಳಿಗೆ ರಬ್ಬರ್ ಕಟ್ಟುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದು ಕಚ್ಚಿದಳು. ಹಲ್ಲಿಲ್ಲ. ನೋವಾಗಲಿಲ್ಲ. ಒಸಡಿನಿಂದ ಒತ್ತಿ ಒತ್ತಿ ಕಚ್ಚುತ್ತಲೇ ಇದ್ದಳು, ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಕೊನೆಗೆ ದಣಿದು ಅತ್ತಳು. ಒಸಡು ಗುಲಾಬಿ ಬಣ್ಣ, ಚೆನ್ನಾಗಿ ಮಾಗಿದೆ. ಆ ಹೊತ್ತಿನಲ್ಲೂ ಅದನ್ನು ನೋಡಿದೆ. ನನ್ನಂಥವನಿಗೆ ಏನನ್ನಬೇಕು.

ಸೂಜಿ, ಟ್ಯೂಬು, ರಬ್ಬರು ಎಲ್ಲ ಲ್ಯಾಬಿಗೆ ಹಿಂದಿರುಗಿಸಿದೆ. ಲೆಕ್ಕ ಹಾಕಿದರೆ ಇಪ್ಪತ್ತಕ್ಕಿಂತ ಜಾಸ್ತಿ ಸಲ ಚುಚ್ಚಿದ್ದೇನೆ.

18 ಡಿಸೆಂಬರ್

ಅವಳನ್ನು ಶೀತಲಳ ಜೊತೆ ದವಾಖಾನೆಗೆ ಕಳಿಸಿದೆ. ನಾನು ಬೇರೆ ಆಟೋದಲ್ಲಿ ಹಿಂದೆ ಹೋದೆ, ಹೊರಗೆ ಕೂತೆ. ನೆನಪಿನ ಟೆಸ್ಟಿನಲ್ಲಿ ಮೂವತ್ತಕ್ಕೆ ಹತ್ತು. ಆಮೇಲೆ ಮೇಡಂ ನನ್ನೊಬ್ಬನನ್ನೇ ಕರೆದರು. ಬಾಯಿ ನೋಡಿದ್ದರು.

ನನ್ನಿಂದ ಆಯಿತಾ ಅಂತ ನೇರವಾಗಿ ಕೇಳಿದೆ. ಈ ರೋಗದಲ್ಲಿ ನೆನಪು ಹೇಗಿದ್ದರೂ ಇಳಿಯುತ್ತಿತ್ತು ಅಂಕಲ್ ಅಂದರು. ಅದು ನನ್ನ ಪ್ರಶ್ನೆಗೆ ಉತ್ತರ ಅಲ್ಲ ಅಂದೆ. ಊಟ ಕಡಿಮೆಯಾಗಿದೆ, ತೂಕ ಏಳು ಕೆಜಿ ಹೋಗಿದೆ, ಭಯ ಇದೆ, ಇವುಗಳಿಂದ ಬೇಗ ಆಗಿರಬಹುದು, ಎಷ್ಟು ಅಂತ ಯಾರೂ ಅಳೆದು ಹೇಳಲಾರರು ಅಂದರು. ಭಯ ಹೋಗುತ್ತದಾ ಅಂದೆ. ಮಾತು, ಹೆಸರು, ಮುಖ ಎಲ್ಲ ಹೋದ ಮೇಲೂ ಹೆದರಿಕೆ ಭಾಳ ದಿನ ಉಳಿಯುತ್ತದೆ ಅಂದರು.

ಸಿಆರ್‌ಪಿ ಅಂದೆ. ಅದು ಚೆನ್ನಾಗಿದೆ ಅಂದರು.

21 ಜನವರಿ 2024

ಬರೆಯಲು ಏನಿದೆ. ಹೊರಗಿನ ಕೋಣೆಯಲ್ಲಿ ಇರುತ್ತೇನೆ, ನನ್ನ ಚಪ್ಪಲಿ ಸದ್ದಾದರೂ ಒಳಗೆ ಕೂಗುತ್ತಾಳೆ. ಹಲ್ಲಿನ ಸೆಟ್ ಮಾಡಿಸಿದ್ದೆವು, ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ, ತೆಗೆದು ಸೀರೆಯ ಸೆರಗಿಗೆ ಗಂಟು ಹಾಕುತ್ತಾಳೆ. ಉಪ್ಪಲ್‌ಗೆ ಕರೆದುಕೊಂಡು ಹೋಗುತ್ತೇನೆ ಅಂತ ಶೀತಲ. "ನೀ ಇಲ್ಲದಿದ್ರ ಆಕಿ ಸಮಾಧಾನ ಇರ್ತಾಳ ಅಪ್ಪಾ. ಸಿಟ್ಟಾಗಬ್ಯಾಡ." ಸಿಟ್ಟು ಬರಲಿಲ್ಲ. ನಿಜ ಹೇಳಿದಳು. ಹದಿನೈದು ದಿನ ತಡಿ ಅಂದೆ. ಯಾಕೆ ತಡಿ ಅಂದೆನೋ.

ಪರದೆಯ ಆಚೆ ಅವಳ ಧ್ವನಿ ಕೇಳಿಸುತ್ತದೆ. ಸುಗಲಮ್ಮನ ಜೊತೆ ಆಳಂದದ ಮಾತು, ಯಾರದೋ ಎಮ್ಮೆ, ಯಾರದೋ ಮದುವೆ. ಒಳಗೆ ಹೋಗಿ ಕೂತು ಕೇಳಬೇಕು ಅನ್ನಿಸುತ್ತದೆ. ಮೇಡಂ ಇದನ್ನೇ ಮಾಡಿ ಅಂದಿದ್ದರು, ಜೂನ್‌ನಲ್ಲಿ.

4 ಫೆಬ್ರುವರಿ, ರವಿವಾರ, ಬೆಳಿಗ್ಗೆ 10

ನಾಳೆ ಬೆಳಿಗ್ಗೆ ಶೀತಲ ಕಾರ್ ತರುತ್ತಾಳೆ. ಸುಗಲಮ್ಮನೂ ಜೊತೆಗೆ ಹೋಗುತ್ತಾಳೆ, ಗಂಡನ ಕೆಲಸ ಆ ಕಡೆಯೇ, ಅವಳಿಗೆ ಅಲ್ಲೇ ಅನುಕೂಲ.

ನಿನ್ನೆ ಸುಗಲಮ್ಮನೇ ಅಂದಳು, ಪಾಪ, ಒಳ್ಳೆಯ ಮನಸ್ಸಿನಿಂದ. "ಸಾಹೇಬ್ರ, ಮೀಶಿ ತಗೀರಿ, ಚಷ್ಮಾ ತಗೀರಿ. ಅವ್ವಾರಿಗೆ ಗುರ್ತ ಸಿಗಂಗಿಲ್ಲ. ಒಂದೀಟು ಹೊತ್ತು ಕುಂದ್ರಬಹುದು." ನನ್ನ ಗುರುತು ಸಿಗಲಿ ಅಂತ ಇಷ್ಟೆಲ್ಲ ಮಾಡಿದವನು ನಾನು. ಬೆಳಿಗ್ಗೆ ಕನ್ನಡಿಯ ಟವೆಲ್ ತೆಗೆದು ಮೀಸೆ ಬೋಳಿಸಿಕೊಂಡೆ. ಮದುವೆಗೆ ಮೊದಲಿನಿಂದ ಇದ್ದದ್ದು. ಶೀತಲಳ ಗಂಡ ಇಲ್ಲಿ ಬಿಟ್ಟುಹೋಗಿದ್ದ ಟೀ ಶರ್ಟ್ ಹಾಕಿಕೊಂಡೆ, ಚಷ್ಮಾ ತೆಗೆದಿಟ್ಟೆ, ಬರಿಗಾಲಲ್ಲಿ ಹೋದೆ.

ನೋಡಿದಳು. ಕೂಗಲಿಲ್ಲ. "ಬರ್ರಿ, ಕುಂದರ್ರಿ. ಯಾರ ಪೈಕಿ ನೀವು?" ಆಳಂದದವ ಅಂದೆ. ಮುಖ ಅರಳಿತು. ಸುಗಲಮ್ಮನ ಕೈಯಿಂದ ಅಂಬಲಿಯ ಬಟ್ಟಲು ತೆಗೆದುಕೊಂಡು ಕುಡಿಸಿದೆ. ಪೂರ್ತಿ ಕುಡಿದಳು. ಎಷ್ಟು ತಿಂಗಳಾಗಿತ್ತು ಅವಳ ಹತ್ತಿರ ಹೀಗೆ ಕೂತು.

ತೋಳು ಮೇಲೇರಿಸಿ ತೋರಿಸಿದಳು. ಮೊಣಕೈ ಒಳಗೆ ಚರ್ಮ ಗಂಟುಗಂಟಾಗಿದೆ. "ನೋಡ್ರಿ, ಹ್ಯಾಂಗ ಮಾಡ್ಯಾನ. ಇಲ್ಲೇ ಹೊರಗ ಇರ್ತಾನ. ನೀವು ಇದ್ರ ಬರೂದಿಲ್ಲ." ಬರಂಗಿಲ್ಲ, ನಾ ಬಿಡಂಗಿಲ್ಲ ಅಂದೆ. ಸಮಾಧಾನವಾಯಿತು ಅವಳಿಗೆ. ನನ್ನ ಕೈ ತಟ್ಟಿದಳು.

"ನಿಮಗ ಹೇಣ್ತಿ ಅದಾಳೇನ್ರಿ?"

ಅದಾಳ್ರಿ ಅಂದೆ.

"ಆರಾಮ ಅದಾಳ?"

ರಿಪೋರ್ಟ್ ಎಲ್ಲಾ ನಾರ್ಮಲ್ ಐತ್ರಿ ಅಂದೆ.

"ಛಲೋ ಆತು. ಒಂದಿನ ಕರಕೊಂಡು ಬರ್ರಿ ಆಕೀನ, ನಾನೂ ನೋಡ್ತೀನಿ. ನನಗರ ಯಾರದಾರ ಇಲ್ಲಿ." ಕರಕೊಂಡು ಬರತೀನಿ ಅಂದೆ. ಯಾವತ್ತು ಅಂದಳು. ನೋಡೂಣು ಅಂದೆ. ಬಿಡಲಿಲ್ಲ, ನನ್ನ ಕೈ ಹಿಡಿದುಕೊಂಡು ಮತ್ತೆ ಯಾವತ್ತು ಅಂತ ಕೇಳಿದಳು. ನಾನು ಬರೂ ರವಿವಾರ ಅಂದೆ.